ಪ್ರಮಾಣಪತ್ರ ಪಂಚಾಯಿತಿ ಗೋಡೆಗೂ ಬರಲಿ

ಚುನಾವಣೆ ಬಂದಾಗ ಹಾವೇರಿ ಜಿಲ್ಲೆಯ ಹಳ್ಳಿಕಟ್ಟೆಗಳಲ್ಲಿ ಸೀರೆ, ಕುಕ್ಕರ್ ಹಂಚಿಕೆಯ ಸುದ್ದಿ ಓಡಾಡುತ್ತದೆಯೇ ಹೊರತು ಅಭ್ಯರ್ಥಿಗಳ ಪ್ರಮಾಣಪತ್ರದ ಚರ್ಚೆ ಆಗುವುದಿಲ್ಲ. ವಿಧಾನಸಭೆ, ಲೋಕಸಭೆಗೆ ಸ್ಪರ್ಧಿಸುವವರು ನಾಮಪತ್ರದ ಜೊತೆ ಸಲ್ಲಿಸುವ ಈ ಪ್ರಮಾಣಪತ್ರದಲ್ಲಿ, ಅಂದರೆ ನಮೂನೆ 26ರಲ್ಲಿ, ಆಸ್ತಿ, ಸಾಲ, ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಹಿಂದಿನ 5 ವರ್ಷಗಳ ಆದಾಯವನ್ನು ಘೋಷಿಸಲೇಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಇದು ಸಿಗುತ್ತದೆ, ನಿಜ. ಆದರೆ ಹತ್ತಾರು ಪುಟಗಳ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ಓದುವವರೆಷ್ಟು ಮಂದಿ? ಮತಕ್ಕಾಗಿ ಹಣ ಕೊಡುವುದಷ್ಟೇ ಅಲ್ಲ, ಪಡೆಯುವುದೂ 1 ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ. ನಾಯಕರನ್ನಷ್ಟೇ ಬೈಯುವವರು ಇದನ್ನು ಜಾಣತನದಿಂದ ಮರೆಯುತ್ತಾರೆ.

ನಮೂನೆ 26ರ 'ಬಿ' ಭಾಗದಲ್ಲಿ ಪ್ರಮಾಣಪತ್ರದ ಸಾರಾಂಶ ಸಿದ್ಧವಾಗಿಯೇ ಇರುತ್ತದೆ. ನಾಮಪತ್ರ ವಾಪಸಾತಿಯ ಗಡುವು ಮುಗಿದ ಕೂಡಲೇ ಅದನ್ನು ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ಗ್ರಾಮ ಪಂಚಾಯಿತಿ, ನ್ಯಾಯಬೆಲೆ ಅಂಗಡಿಗಳ ಗೋಡೆಗೆ ಅಂಟಿಸುವ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಲಿ.

– ಒಬ್ಬ ಮತದಾರ, ರಾಣೆಬೆನ್ನೂರು