ಕಲಿತು ಹಾಡಿದ ಗಣಿ ಕಾರ್ಮಿಕರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವೇಲ್ಸ್‌ನ ಪುರುಷರ ಗಾಯನ ವೃಂದಗಳ ಲೇಖನ ಓದಿ ಖುಷಿಯಾಯಿತು. ಆದರೆ ಹಾಡು ಆ ಜನರಿಗೆ ರಕ್ತದಲ್ಲೇ ಬಂದದ್ದು ಎಂಬ ಮಾತಿಗೆ ನನ್ನ ತಕರಾರಿದೆ. ಒಂಬತ್ತು ವರ್ಷ ಅಲ್ಲಿದ್ದು ಬಂದವನು ನಾನು. ರಕ್ತದಲ್ಲೇ ಇದ್ದಿದ್ದರೆ ವಾರವಾರ ತಾಲೀಮು ಯಾಕೆ ಬೇಕಿತ್ತು?

ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಗಳ ಸೀಮೆಯಾದ ರಾಂಡ ಕಣಿವೆಯ ಟ್ರಿಯಾರ್ಕಿ ವೃಂದವನ್ನೇ ನೋಡಿ. 1883ರಲ್ಲಿ ಊರಿನ ಪಬ್ಬಿನಲ್ಲಿ ಸೇರುತ್ತಿದ್ದ ಹುಡುಗರು ಒಂದು ಸ್ಪರ್ಧೆಯಲ್ಲಿ ಹಾಡಿ ಒಂದು ಪೌಂಡ್ ಬಹುಮಾನ ಗೆದ್ದದ್ದು ಅದರ ಮೂಲ. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯೆದುರು ಹಾಡಿದರು. ಇಂಥವರಲ್ಲಿ ಹೆಚ್ಚಿನವರಿಗೆ ಪಾಶ್ಚಾತ್ಯ ಸಂಗೀತದ ಐದು ಗೆರೆಯ ಸ್ವರಲಿಪಿ ಬರುತ್ತಿರಲಿಲ್ಲ. ಅವರನ್ನು ದಡ ಮುಟ್ಟಿಸಿದ್ದು ಜಾನ್ ಕರ್ವೆನ್ ಎಂಬ ಪಾದ್ರಿ ಹರಡಿದ ‘ಟಾನಿಕ್ ಸೋಲ್‌ಫಾ’ ಎಂಬ ಸ್ವರಲಿಪಿ ಪದ್ಧತಿ. ನಮ್ಮ ಸರಿಗಮದಂತೆ ಅದೂ ಅಕ್ಷರಗಳಲ್ಲೇ ಬರೆಯುವಂಥದ್ದು. ಅದರ ಮೊದಲ ಸ್ವರ ಡೋ ನಮ್ಮ ಷಡ್ಜದ ಹಾಗೆ, ಶ್ರುತಿ ಎಲ್ಲಿಟ್ಟರೆ ಅಲ್ಲಿ ಕೂರುತ್ತದೆ. ಅಚ್ಚು ಹಾಕಲು ಮಾಮೂಲಿ ಅಕ್ಷರದ ಮೊಳೆ ಸಾಕಾದ್ದರಿಂದ ಪುಸ್ತಕವೂ ಅಗ್ಗ. ದಿನವಿಡೀ ಕಲ್ಲಿದ್ದಲು ಕಡಿದು ಬಂದವರು ಸಂಜೆ ಪ್ರಾರ್ಥನಾ ಮಂದಿರದ ತರಗತಿಯಲ್ಲಿ ಕೂತು ಇದನ್ನು ಕಲಿತರು.

ಲೇಖಕರು ಈ ವೃಂದಗಳನ್ನು ‘ಹವ್ಯಾಸಿ’ ಎಂದು ಹಗುರವಾಗಿ ಬರೆದಿದ್ದಾರೆ. ಪೆಂಡಿರಸ್ ವೃಂದವನ್ನು 1924ರಲ್ಲಿ ಕಟ್ಟಿದವರು ಕೆಲಸ ಕಳೆದುಕೊಂಡಿದ್ದ ಇಬ್ಬರು ಗಣಿ ಕಾರ್ಮಿಕರು. ಎರಡೇ ವರ್ಷಕ್ಕೆ 1926ರ ಮುಷ್ಕರ ಬಂತು, ಗಣಿಗಳಿಗೆ ತಿಂಗಳುಗಟ್ಟಲೆ ಬೀಗ. ಮನೆಯಲ್ಲಿ ಒಲೆ ಉರಿಯದ ದಿನಗಳಲ್ಲೂ ಹಾಡು ನಿಲ್ಲಲಿಲ್ಲ. ಇದನ್ನು ಹವ್ಯಾಸ ಎನ್ನುವುದಾದರೆ ಆ ಪದಕ್ಕೆ ಸ್ವಲ್ಪ ತೂಕ ಕೊಡಬೇಕು.

ಪಾಲ್ ರೋಬ್ಸನ್ ಪ್ರಸಂಗ ಲೇಖನದಲ್ಲಿ ಬಿಟ್ಟೇಹೋಗಿದೆ. ಅಮೆರಿಕ ಸರ್ಕಾರ ಆ ಕಪ್ಪುವರ್ಣೀಯ ಗಾಯಕನ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದ ಕಾಲ. 1957ರಲ್ಲಿ ವೇಲ್ಸ್‌ನ ಗಣಿ ಕಾರ್ಮಿಕರು ಪೋರ್ತ್‌ಕಾಲ್ ಊರಿನ ತಮ್ಮ ಉತ್ಸವಕ್ಕೆ ಅವರನ್ನು ಕರೆದರು. ರೋಬ್ಸನ್ ನ್ಯೂಯಾರ್ಕ್‌ನಲ್ಲೇ ಕೂತು ಹಾಡಿದರು, ಅಟ್ಲಾಂಟಿಕ್ ತಳದ ಟೆಲಿಫೋನ್ ತಂತಿಯಲ್ಲಿ ಆ ದನಿ ಸಭಾಂಗಣಕ್ಕೆ ಬಂತು. ಈ ತುದಿಯಿಂದ ಟ್ರಿಯಾರ್ಕಿಯವರು ಹಾಡಿದರು. ಮರುವರ್ಷ ಪಾಸ್‌ಪೋರ್ಟ್ ಸಿಕ್ಕಿತು.

ನಾನೊಮ್ಮೆ ಅಂಥದೊಂದು ವೃಂದದ ತಾಲೀಮಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೊದಲ ಟೆನರ್, ಎರಡನೇ ಟೆನರ್, ಬ್ಯಾರಿಟೋನ್, ಬೇಸ್ ಎಂದು ಏರುದನಿಯಿಂದ ತಗ್ಗುದನಿಯವರೆಗೆ ನಾಲ್ಕು ಗುಂಪು. ಬೇಸ್‌ನವರಿಂದ ಒಂದೇ ಸಾಲನ್ನು ಎಷ್ಟು ಸಲ ಹಾಡಿಸಿದರೋ, ನನಗೇ ಬಾಯಿಪಾಠವಾಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಉಸಿರು ತೆಗೆದುಕೊಳ್ಳುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಅವರ ಮುಂಗೈ ಮೇಲೆ ನೀಲಿ ಗೆರೆಗಳು. ಹಚ್ಚೆ ಅಂದುಕೊಂಡೆ. ಗಾಯದೊಳಗೆ ಕಲ್ಲಿದ್ದಲ ಪುಡಿ ಉಳಿದು, ಮೇಲೆ ಚರ್ಮ ಕೂಡಿಕೊಂಡ ಕಲೆಯಂತೆ. ರಾಂಡದ ಕೊನೆಯ ಗಣಿ ಮುಚ್ಚಿದ್ದು 1990ರಲ್ಲಿ. ಈಗಿನ ಸಾಲುಗಳಲ್ಲಿ ಮೇಷ್ಟ್ರು, ಗುಮಾಸ್ತರೇ ಹೆಚ್ಚು.

ಚಹಾ ವಿರಾಮದಲ್ಲಿ ಆ ಹಿರಿಯರು ನನ್ನನ್ನು ಕೇಳಿದ್ದು ‘ನಿಮಗೆ ಹಾಡಲು ಬರುತ್ತದೆಯೇ’ ಎಂದಲ್ಲ, ‘ನೀವು ಟೆನರಾ?’ ಎಂದು. ಟೆನರ್‌ಗಳ ಬರ ಅಲ್ಲಿ ಸದಾ ಇದ್ದದ್ದೇ. ನನ್ನದು ಗೊಗ್ಗರು ದನಿ. ಆದರೂ ಒಂದು ಹಳೆಯ ಸೋಲ್‌ಫಾ ಹಾಳೆ ಕೈಗಿತ್ತರು. ಅದು ಇನ್ನೂ ನನ್ನ ಬಳಿ ಇದೆ. ಲೇಖಕರು ನೋಡಬಯಸಿದರೆ ಪ್ರತಿ ಮಾಡಿಸಿ ಪತ್ರಿಕೆಯ ವಿಳಾಸಕ್ಕೆ ಕಳಿಸುತ್ತೇನೆ.

– ಒಬ್ಬ ಓದುಗ, ಮೈಸೂರು