ಮಚ್ಚಿಗಿಂತ ಮುಂಚೆ ದಾರಿ ಜಗಳ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ತಮಿಳು ಮಸಾಲೆ ಚಿತ್ರಗಳನ್ನೆಲ್ಲ ಒಂದೇ ಗುಡ್ಡೆ ಹಾಕಿ, ಎರಡು ಮನೆತನ, ನಾಲ್ಕು ಮಚ್ಚು, ಮುಗೀತು ಕಥೆ ಅನ್ನೋ ಧಾಟಿಯಲ್ಲಿ ಬರೆದಿದ್ದನ್ನು ಓದಿದೆ. ಆ ಗುಡ್ಡೆಯಲ್ಲಿ ‘ತೇವರ್ ಮಗನ್’ ಕೂಡ ಇತ್ತು. ನನ್ನ ತಕರಾರು ಅದಕ್ಕೆ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿದ್ದವನು. 1992ರ ದೀಪಾವಳಿಗೆ ಬಂದ ಈ ಸಿನಿಮಾವನ್ನು ಜನ ಕಮಲ್ ಹಾಸನ್ ಮೀಸೆಗೆ, ಇಳಯರಾಜರ ಹಾಡಿಗೆ ನೆನೆಯುತ್ತಾರೆ. ನನಗೆ ನೆನಪಿರೋದು ಅದರೊಳಗಿನ ವ್ಯಾಜ್ಯಗಳು. ಬೀಗ ಬಿದ್ದ ದೇವಸ್ಥಾನ. ನೀರಿನ ಕಟ್ಟೆ. ಜನ ಓಡಾಡುವ ಜಾಗ ಮುಚ್ಚಿಸಿದ್ದು. ನಮ್ಮ ಆಫೀಸಿನ ಬೀರು ತುಂಬಾ ಇದ್ದದ್ದೂ ಇವೇ ಕೇಸುಗಳು!

ಲಂಡನ್ನಿನಿಂದ ಬಂದ ಶಕ್ತಿ, ಅಂದರೆ ಕಮಲ್, ಗೆಳತಿಯ ಮುಂದೆ ಸುಮ್ನೆ ದೇವಸ್ಥಾನದ ಬೀಗ ಒಡೆಸುತ್ತಾನೆ. ಅದಕ್ಕೆ ಕೈ ಕಳಕೊಳ್ಳೋದು ಆಳು ಇಸಕ್ಕಿ. ಯಜಮಾನರ ಜಗಳದಲ್ಲಿ ಮೊದಲ ಏಟು ಯಾರಿಗೆ ಅಂತ ಗೊತ್ತಿದ್ದವರೇ ಬರೆದ ಕಥೆ ಇದು. ಶಕ್ತಿಯ ಮನೆಗೆ ಎದುರು ನಿಂತ ದಾಯಾದಿ ಮಾಯನ ಕಡೆಯವನು ಕಟ್ಟೆ ಒಡೆಯುತ್ತಾನೆ, ಹಸುಗೂಸುಗಳೂ ಸಾಯುತ್ತವೆ. ಅವನು ಸಿಕ್ಕಿಬಿದ್ದರೂ ಮಾಯನ ಹೆಸರು ಹೇಳಲ್ಲ. ಮನೆಯವರ ಜೀವದ ಭಯ. ಇಂಥವರನ್ನು ಕೋರ್ಟಿನ ವರಾಂಡದಲ್ಲಿ ಎಷ್ಟು ನೋಡಿದ್ದೇನೆ! ಹಿಂದಿನ ದಿನ ಎಲ್ಲಾ ಹೇಳ್ತೀನಿ ಅಂದವನು ಕಟಕಟೆ ಹತ್ತಿದ ಕೂಡಲೇ, ‘ನಾನು ಅವತ್ತು ಊರಲ್ಲೇ ಇರಲಿಲ್ಲ ಸ್ವಾಮಿ’ ಅನ್ನುತ್ತಾನೆ. ಕಣ್ಣು ಮಾತ್ರ ಬಾಗಿಲ ಹತ್ತಿರ ನಿಂತವರ ಮೇಲೆ.

ದಾರಿ ಜಗಳ ಇನ್ನೂ ಜೋರು. ಅದಕ್ಕೆ ಸೇರಿದ ಪಂಚಾಯ್ತಿಯಲ್ಲಿ ಅವಮಾನವಾಗಿ ಮನೆಗೆ ಬಂದ ಶಕ್ತಿಯ ಅಪ್ಪ, ಅಂದರೆ ಶಿವಾಜಿ ಗಣೇಶನ್, ಸಾಯುತ್ತಾನೆ. ಆಮೇಲೆ ದಾರಿ ಬಿಡಲು ಒಪ್ಪಿದವನ ಮಗಳ ಮದುವೆ ದಿನ ವರನೇ ಪರಾರಿ. ಶಕ್ತಿ ತಾನೇ ತಾಳಿ ಕಟ್ಟುತ್ತಾನೆ. ಗೆಳತಿಯ ಗತಿ? ಒಂದು ದಾರಿಗೆ ಇಬ್ಬರು ಹೆಣ್ಣುಮಕ್ಕಳ ಬದುಕು ತಿರುಗಿಹೋಯಿತು. ಆ ಮದುಮಗಳ ಪಾತ್ರಕ್ಕೆ ರೇವತಿಗೆ ರಾಷ್ಟ್ರಪ್ರಶಸ್ತಿ ಬಂತು. ಸುಮ್ನೆ ಬಂದದ್ದಲ್ಲ.

ಹಾಗಂತ ಎಲ್ಲಾ ಸರಿ ಅನ್ನುವುದಿಲ್ಲ. ತೇವರ್ ಅನ್ನೋ ಜಾತಿಯ ಹೆಸರನ್ನು ತಲೆಯ ಮೇಲೆ ಹೊತ್ತ ಸಿನಿಮಾ. ಅದರ ಒಂದು ಹಾಡು ಮೆರವಣಿಗೆಗಳಲ್ಲಿ ಜಂಬದ ಹಾಡಾಯಿತು. 2023ರಲ್ಲಿ ತಮಿಳು ನಿರ್ದೇಶಕ ಮಾರಿ ಸೆಲ್ವರಾಜ್ ಈ ಸಿನಿಮಾ ತಮ್ಮನ್ನು ಎಷ್ಟು ಕಾಡಿತ್ತು ಅಂತ ಕಮಲ್ ಎದುರೇ ಹೇಳಿದರು. ಇಸಕ್ಕಿಯಾಗಿದ್ದ ವಡಿವೇಲು ಅವರನ್ನೇ ತಮ್ಮ ‘ಮಾಮನ್ನನ್’ ಚಿತ್ರದ ಮುಖ್ಯ ಪಾತ್ರದಲ್ಲಿ ಕೂರಿಸಿದರು. ನಿಮ್ಮ ಲೇಖನ ಜಗಳ ಆಡಬೇಕಿದ್ದದ್ದು ಇದರ ಮೇಲೆ. ಮಚ್ಚು ಎಣಿಸೋದು ಸುಲಭ, ಅಲ್ವಾ?

2006ರಲ್ಲಿ ಇದು ‘ತಂದೆಗೆ ತಕ್ಕ ಮಗ’ ಆಗಿ ಅಂಬರೀಶ್, ಉಪೇಂದ್ರ ಜೊತೆ ಕನ್ನಡಕ್ಕೂ ಬಂತು. ಅದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ಮಾತು. ಕೊನೆಗೆ ಶಕ್ತಿಯ ಕೈಯಲ್ಲಿ ಮಾಯನ ಕೊಲೆಯಾದ ಮೇಲೆ ಬೇರೆಯವರು ತಪ್ಪು ತಮ್ಮ ಮೇಲೆ ಹಾಕಿಕೊಳ್ಳಲು ಬಂದರೂ ಶಕ್ತಿ ಒಪ್ಪದೆ ಪೊಲೀಸರ ಜೊತೆ ಹೋಗುತ್ತಾನೆ. ಈಗಿನ ಹೀರೋಗಳು ಇಂಟರ್‌ವಲ್‌ಗೆ ಮೊದಲೇ ಇಪ್ಪತ್ತು ಜನರನ್ನು ಕೊಚ್ಚಿ ಡ್ಯುಯೆಟ್‌ಗೆ ಹೋಗುತ್ತಾರೆ. ಎಫ್‌ಐಆರ್ ಯಾರು ಬರೆಯಬೇಕು? ಮುಂದಿನ ಸಲ ವಿಮರ್ಶೆಯಲ್ಲಿ ಸ್ಟಾರ್ ಕೊಡೋ ಮೊದಲು, ಜಗಳ ಯಾವುದಕ್ಕೆ ಶುರುವಾಯಿತು ಅಂತ ಒಂದು ಸಾಲು ಹಾಕಿಸಿ.

– ನಿವೃತ್ತ ವಕೀಲರ ಗುಮಾಸ್ತ, ಬಂಗಾರಪೇಟೆ