ನೀನು ಕೇಳಿದ್ದು ಬಾಡಿಗೆ ಮನೆ ವಿಷಯ

ತಿಪಟೂರು

ಪ್ರೀತಿಯ ಕ್ಯಾಪ್ಟನ್,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇಷ್ಟೇ. 'ನನ್ನ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಆಗಿದೆ, ಮುಂದಿನ ತಿಂಗಳು ಸೇರಬೇಕು, ನಿನ್ನ ಮಗಳಿಗೆ ಮನೆ ಮಾಡಿಕೊಡುವಾಗ ಏನೇನು ನೋಡಿದೆ, ಎಷ್ಟು ಖರ್ಚಾಯಿತು, ಬರೆದು ಕಳಿಸು' ಅಂದೆ. ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ, ಮೊನ್ನೆ ಮದುವೆ ಮನೆಯ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಅದಕ್ಕೆ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಮೂರನೇ ಇಡ್ಲಿಯ ವಿಚಾರ ಎತ್ತುವುದಿಲ್ಲ, ಹೆದರಬೇಡ.

ಮೊದಲು ಸಂಬಳದ ಮಾತು. ಆಫರ್ ಲೆಟರಿನಲ್ಲಿ ವರ್ಷಕ್ಕೆ 4.8 ಲಕ್ಷ ಅಂತ ಇದ್ದರೆ ತಿಂಗಳಿಗೆ 40 ಸಾವಿರ ಅಂತ ಮನೆಯಲ್ಲಿ ಹೇಳಿಬಿಡಬೇಡ. ಅದರೊಳಗೆ ಕಂಪನಿ ಕಟ್ಟುವ ಪಿಎಫ್ ಸೇರಿರುತ್ತದೆ, ಮುಂದೆಂದೋ ಸಿಗುವ ಗ್ರ್ಯಾಚುಟಿ ಸೇರಿರುತ್ತದೆ, ಆರೋಗ್ಯ ವಿಮೆಯ ಕಂತು, ಕೆಲಸ ನೋಡಿಕೊಂಡು ಕೊಡುವ ವೇರಿಯಬಲ್ ಪೇ, ಎಲ್ಲವೂ ಅದರಲ್ಲೇ. ಮಕ್ಕಳ ಪಾಲಿನ ಪಿಎಫ್ ಬೇರೆ ಕಳೆಯುತ್ತಾರೆ. ವೃತ್ತಿ ತೆರಿಗೆ ತಿಂಗಳಿಗೆ 200. ನನ್ನ ಮಗಳ ಕೈಗೆ ಬಂದದ್ದು 30 ಸಾವಿರದ ಆಸುಪಾಸು. ಅದೂ ತಿಂಗಳ ಕೊನೆಗೆ. ತಿಂಗಳ ಮಧ್ಯದಲ್ಲಿ ಸೇರಿದರೆ ಮೊದಲ ಸಂಬಳ ಅದರ ಮುಂದಿನ ತಿಂಗಳಿಗೆ ಹೋಗುವುದೂ ಉಂಟು. ಆದರೆ ಅಡ್ವಾನ್ಸು, ಹಾಸಿಗೆ, ಗ್ಯಾಸು, ಊಟ ಇವೆಲ್ಲ ಮೊದಲ ದಿನದಿಂದಲೇ ಬೇಕು. ಮೊದಲ ಎರಡು ತಿಂಗಳು ಮಕ್ಕಳ ಕೆಲಸವನ್ನು ನಡೆಸುವವರು ನಾವೇ ಕಣಯ್ಯ, ಅದನ್ನು ಯಾವ ಆಫರ್ ಲೆಟರಿನಲ್ಲೂ ಬರೆದಿರುವುದಿಲ್ಲ.

ಆಮೇಲೆ, ಹೋದ ತಕ್ಷಣ ಮನೆ ಹಿಡಿಸಬೇಡ. ಮೊದಲ ತಿಂಗಳು ಪಿಜಿಯಲ್ಲಿ ಇರಲಿ. ವಾರಕ್ಕೆ ಎಷ್ಟು ದಿನ ಆಫೀಸಿಗೆ ಹೋಗಬೇಕು, ಯಾವ ಪಾಳಿ, ಇದೆಲ್ಲ ಸೇರಿದ ಮೇಲೇ ಗೊತ್ತಾಗುವುದು. ಮಗಳ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾಯಿತಲ್ಲ, ಅದರಿಂದ ಬಹಳ ಅನುಕೂಲವಾಯಿತು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಹೆದರಿ ಆಫೀಸಿನ ಗೋಡೆ ಪಕ್ಕದಲ್ಲೇ ಮನೆ ಮಾಡಬೇಕಾದ್ದಿಲ್ಲ. ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಈ ಸ್ಟೇಷನ್ನುಗಳ ಸುತ್ತಮುತ್ತಲೇ ಹುಡುಕಿದೆವು. ನಾವು ಊರಿನಿಂದ ಹೋಗುವುದಕ್ಕೂ ಸಲೀಸು. ಯಶವಂತಪುರದಲ್ಲಿ ರೈಲು ಇಳಿದು ಹಸಿರು ಮಾರ್ಗ ಹಿಡಿದರೆ ಆರ್.ವಿ. ರಸ್ತೆಯಲ್ಲಿ ಬದಲಿಸಿದರಾಯಿತು. ಒಂದು ಮಾತು ನೆನಪಿಟ್ಟುಕೋ: 'ಮೆಟ್ರೋಗೆ ಐದೇ ನಿಮಿಷ' ಅಂತ ಬ್ರೋಕರ್ ಹೇಳುವುದು ಬೈಕಿನ ಐದು ನಿಮಿಷ. ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸು. 2023ರ ಜೂನಿನಿಂದ ಶಕ್ತಿ ಯೋಜನೆ ಇರುವುದರಿಂದ ಮಗಳಿಗೆ ಸಾಧಾರಣ ಬಿಎಂಟಿಸಿ ಬಸ್ಸು ಉಚಿತ, ನಿನ್ನ ಮಗನಿಗೆ ಆ ಉಳಿತಾಯ ಇಲ್ಲ.

ಅಡ್ವಾನ್ಸು. ಹಿಂದೆಲ್ಲ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಂತ ಹೇಳಿದರೆ ಮುಗಿಯಿತು, ಎದುರು ಮಾತಿಲ್ಲ. ಈಗ ಐದಕ್ಕೋ ಆರಕ್ಕೋ ಒಪ್ಪುವವರು ಸಿಗುತ್ತಾರೆ, ಬಾಯಿಬಿಟ್ಟು ಕೇಳಬೇಕು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳಬಾರದು ಅಂತಿದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ಅದನ್ನು ಓನರ್ ಮುಂದೆ ಹಿಡಿದರೆ ನಮ್ಮ ಕೈಗೆ ಬೀಗದ ಕೈ ಸಿಗುವುದಿಲ್ಲ. ನಮಗೆ ಸಿಕ್ಕ ಎರಡು ರೂಮಿನ ಮನೆಗೆ ಬಾಡಿಗೆ 25 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಬಿಡುವಾಗ ಪೇಂಟಿಂಗ್ ಅಂತ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನು ಮೊದಲೇ ಕಾಗದದಲ್ಲಿ ಬರೆಸು. ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಅಂತ ನೀನು ಕೇಳಿದ್ದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಅಷ್ಟೇ.

ಒಂದೂವರೆ ಲಕ್ಷದಲ್ಲಿ ಅರ್ಧ ನನ್ನದು. ಅಟ್ಟದ ಮೇಲಿದ್ದ ಕೊಬ್ಬರಿ ಮಾರಿದೆ. ಬೆಂಬಲ ಬೆಲೆ 12,100 ಇದ್ದ 2025ರಲ್ಲಿ ಪೇಟೆಯಲ್ಲಿ ಕ್ವಿಂಟಲ್ 20 ಸಾವಿರ ದಾಟಿತು, ಹಾಗಾಗಿ ಸಾಲ ಮಾಡುವ ಪ್ರಸಂಗ ಬರಲಿಲ್ಲ. ಬೆಂಬಲ ಬೆಲೆಗಿಂತಲೂ ಕೆಳಗೆ ಬಿದ್ದಿದ್ದ 2023ರಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಅಂತ ಈಗಲೂ ಯೋಚನೆಯಾಗುತ್ತದೆ. ಇನ್ನರ್ಧ ಅವಳ ಜೊತೆಯ ಹುಡುಗಿಯದು. ಪಾವಗಡದ ಕಡೆಯವಳು, ತಂದೆ ಇಲ್ಲ, ತಾಯಿ ಅಂಗನವಾಡಿ ಕಾರ್ಯಕರ್ತೆ. ಆ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ 75 ಸಾವಿರ ತಂದರು. ಎರಡು ಹುಡುಗಿಯರಿಗೂ ಸಂಬಳ ಒಂದೇ, ಆದರೆ ಆ ಹುಡುಗಿಯ ಸಂಬಳದಲ್ಲಿ ಪ್ರತಿ ತಿಂಗಳು ಸಂಘದ ಕಂತು ಊರಿಗೆ ಹೋಗುತ್ತದೆ.

ಮನೆ ನೋಡುವಾಗ ನಾನು ನೋಡಿದ್ದು ನಲ್ಲಿ, ಸಂಪು, ಗೋಡೆಯ ತೇವ. ಕಾವೇರಿ ನೀರು ಬರುತ್ತಾ, ಬೋರ್‌ವೆಲ್ಲಾ, ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಯಾರು ಕೊಡಬೇಕು ಅಂತ ಕೇಳಿದೆ. 2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿಲ್ಲ, ನೀನೂ ಕೇಳು. ಮಗಳು ಅದ್ಯಾವುದನ್ನೂ ಕೇಳಲಿಲ್ಲ. ರಾತ್ರಿ ಒಂಬತ್ತು ಗಂಟೆ ತನಕ ಕಾಯೋಣ ಅಂದಳು. ಆಮೇಲೆ ಮೆಟ್ರೋ ಸ್ಟೇಷನ್ನಿಂದ ಆ ಮನೆಯವರೆಗೆ ನಡೆದಳು, ನಾವು ಹಿಂದೆ. ಎಲ್ಲಿ ಬೀದಿ ದೀಪ ಉರಿಯುತ್ತಿಲ್ಲ, ಯಾವ ಅಂಗಡಿ ಎಷ್ಟು ಹೊತ್ತಿನ ತನಕ ತೆರೆದಿರುತ್ತೆ, ಖಾಲಿ ಸೈಟಿನ ಪಕ್ಕದಲ್ಲಿ ಎಷ್ಟು ಹೆಜ್ಜೆ ನಡೆಯಬೇಕು. ಎರಡು ಮನೆಗಳನ್ನು ಅವಳು ಬೇಡ ಅಂದದ್ದು ಆ ನಡಿಗೆಯಲ್ಲೇ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ್ದೇನೆ, ಒಂದು ಬೀದಿಯನ್ನು ಹೀಗೆ ನೋಡಬೇಕಾಗುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ.

ನಮಗೆ ಸಿಕ್ಕ ಮನೆಯನ್ನು ಹಿಂದಿನ ವಾರವೇ ಹುಡುಗಿಯರಿಬ್ಬರೂ ನೋಡಿ ಬಂದಿದ್ದರು. ಆಗ 'ಬ್ಯಾಚುಲರ್ಸ್‌ಗೆ ಕೊಡಲ್ಲಮ್ಮ, ಫ್ಯಾಮಿಲಿಗೆ ಮಾತ್ರ' ಅಂದಿದ್ದರಂತೆ. ನಾನು ಹೋದ ದಿನ ಅದೇ ಓನರ್ ಕುರ್ಚಿ ಹಾಕಿಸಿದರು. "ಯಾವ ಊರು ಸಾರ್? ಏನ್ ಮಾಡ್ಕೊಂಡಿದೀರಿ? ಓಹೋ, ಮೇಷ್ಟ್ರಾ! ಹಾಗಾದ್ರೆ ಸರಿ ಬಿಡಿ." ಮಾತೆಲ್ಲ ನನ್ನ ಜೊತೆ. ಬಾಡಿಗೆ ಕೊಡುವವರು ಅವರಿಬ್ಬರು, ಅಲ್ಲಿ ಮಲಗಿ ಏಳುವವರು ಅವರಿಬ್ಬರು, ಇಬ್ಬರೂ ಬಾಗಿಲ ಹತ್ತಿರ ನಿಂತಿದ್ದರು. ಪಾವಗಡದಿಂದ ಬಸ್ಸಿನಲ್ಲಿ ಬಂದ ಆ ತಾಯಿಯೂ ನಿಂತೇ ಇದ್ದರು. ಅವರ ಕಡೆ ನೋಡದೆ ಓನರ್ ನನ್ನನ್ನು ಕೇಳಿದರು: "ಇವರ ಕಡೆ ಗಂಡಸರು ಯಾರೂ ಇಲ್ವಾ ಸಾರ್? ಹಾಗಾದ್ರೆ ಇಬ್ಬರಿಗೂ ನೀವೇ ಜವಾಬ್ದಾರಿ." ಕರಾರು ನನ್ನ ಹೆಸರಿಗೆ ಆಯಿತು. 1872ರ ಕರಾರು ಕಾಯ್ದೆ ಪ್ರಾಯಕ್ಕೆ ಬಂದವರು, ಅಂದರೆ 18 ತುಂಬಿದವರು, ಕರಾರು ಮಾಡಿಕೊಳ್ಳಬಹುದು ಅನ್ನುತ್ತದೆ. ಇವರಿಗೆ 23. ವೋಟು ಹಾಕುತ್ತಾರೆ, ಸಂಬಳಕ್ಕೆ ಸಹಿ ಹಾಕುತ್ತಾರೆ. ಮನೆಗೆ ಮಾತ್ರ ತಿಪಟೂರಿನ ಮೇಷ್ಟ್ರ ಸಹಿ ಬೇಕಾಯಿತು.

ಮನೆ ಸೇರಿ ಸ್ವಲ್ಪ ದಿನಕ್ಕೆ ಓನರ್ ಫೋನ್ ಮಾಡಿದರು. "ಸಾರ್, ನಿಮ್ಮ ಮಗಳು ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಂದ್ರು. ಯಾವುದೋ ಗಾಡಿ ಬಿಟ್ಟು ಹೋಯ್ತು. ನಿಮಗೆ ತಿಳಿಸೋಣ ಅಂತ." ಅದು ಕಂಪನಿ ಗಾಡಿ, ನನಗೆ ಗೊತ್ತಿತ್ತು. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ವಾಹನ ಕೊಡಬೇಕು ಅನ್ನುವುದು ಸರ್ಕಾರ ಕಂಪನಿಗಳಿಗೆ ಹಾಕಿರುವ ಷರತ್ತು. ಓನರಿಗೆ ಅದನ್ನು ಹೇಳಿದೆ. ಕ್ಯಾಪ್ಟನ್, ನನಗೆ ಆಗ ಕೋಪ ಬರಬೇಕಿತ್ತು. ಬಂದದ್ದು ಸಮಾಧಾನ. ಮಗಳು ಕ್ಷೇಮವಾಗಿ ಮನೆ ಸೇರಿದ್ದಾಳೆ ಅಂತ ಅವಳನ್ನು ಕೇಳದೆಯೇ ತಿಳಿಯಿತಲ್ಲ ಅನ್ನುವ ಸಮಾಧಾನ.

ಆಮೇಲೆ ಆ ಫೋನು ಬರುತ್ತಲೇ ಇತ್ತು. ಬರದ ದಿನ ನಾನೇ ಕಾಯುವುದಕ್ಕೆ ಶುರು ಮಾಡಿದೆ. ರಾತ್ರಿ ಮಗಳು ಫೋನ್ ಮಾಡಿದಾಗ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುತ್ತಿದ್ದೆ. ಒಂದು ದಿನ ಅವಳು "ಹನ್ನೊಂದಕ್ಕೆ ಬಂದೆ ಅಪ್ಪಾ" ಅಂದಳು. ಓನರ್ ಹೇಳಿದ್ದು ಹನ್ನೊಂದೂವರೆ. ಆ ಅರ್ಧ ಗಂಟೆಯನ್ನು ಇಟ್ಟುಕೊಂಡು ಬೆಳಗಿನ ತನಕ ಎಚ್ಚರವಾಗಿದ್ದೆ. ಪಕ್ಕದಲ್ಲಿ ಮಲಗಿದ್ದ ನನ್ನ ಹೆಂಡತಿಗೂ ಹೇಳಲಿಲ್ಲ. ನನ್ನ ಮಗಳ ಮೇಲೆ ನನಗೆ ಒಂದು ಅನುಮಾನವೂ ಇಲ್ಲ ಕಣೋ, ಚಿಕ್ಕಂದಿನಿಂದ ಇಲ್ಲ. ಆದರೂ ಎಚ್ಚರವಾಗಿದ್ದೆ. ದುಡ್ಡು ಕೊಟ್ಟವನಿಗೆ, ಸಹಿ ಹಾಕಿದವನಿಗೆ ಒಂದು ಕಣ್ಣು ಹೆಚ್ಚಿಗೆ ಬಂದುಬಿಡುತ್ತದೆ. ಅದು ಪ್ರೀತಿಯ ಜೊತೆಗೇ ಬರುವುದರಿಂದ ಬೇರೆ ಅಂತ ಗೊತ್ತಾಗುವುದಿಲ್ಲ.

ಗೊತ್ತಾದದ್ದು ಆ ತಾಯಿಯಿಂದ. ಟ್ಯಾಂಕರ್ ದುಡ್ಡಿನ ವಿಚಾರಕ್ಕೆ ಫೋನ್ ಮಾಡಿದ್ದಾಗ, ಓನರ್ ನಿಮಗೂ ಫೋನ್ ಮಾಡುತ್ತಾರಾ ಅಂತ ಕೇಳಿದೆ. "ಇಲ್ಲ ಸಾರ್, ನನ್ನ ನಂಬರೇ ಅವರು ತಗೊಳ್ಳಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ಹೊತ್ತಿಗೆ ಬಂದೆ ಅಂತ ನಾನು ಅವಳನ್ನೇ ಕೇಳ್ತೀನಿ. ಹೇಳಿದ್ದನ್ನ ನಂಬ್ತೀನಿ, ಮಲಗ್ತೀನಿ" ಅಂದರು. ಸಂಘದ ಸಾಲ ತಲೆಯ ಮೇಲಿರುವ ಹೆಂಗಸು ನಿದ್ದೆ ಮಾಡುತ್ತಿದ್ದಾರೆ, ಕೊಬ್ಬರಿ ಮಾರಿ ಕೊಟ್ಟ ನಾನು ಮಾಡುತ್ತಿಲ್ಲ.

ಸುರಪುರದಲ್ಲಿ ನಮಗೆ ಮೊದಲ ಪೋಸ್ಟಿಂಗ್ ಆದಾಗ ನಮ್ಮಪ್ಪ ಬಂದಿದ್ದರಲ್ಲ, ನಿನಗೆ ನೆನಪಿರಬೇಕು. ಒಂದು ಚೀಲ ರಾಗಿ ಹಿಟ್ಟು ಇಳಿಸಿದರು, ಜೇಬಿಗೆ ದುಡ್ಡು ತುರುಕಿದರು, ಸಾಯಂಕಾಲದ ಬಸ್ಸಿಗೆ ಹೊರಟೇ ಹೋದರು. ಆಮೇಲೆ ಇನ್‌ಲ್ಯಾಂಡ್ ಲೆಟರಿನಲ್ಲಿ ನಾವು ಬರೆದದ್ದಷ್ಟೇ ಅವರಿಗೆ ಗೊತ್ತು. ಸೆಕೆಂಡ್ ಶೋ ಮುಗಿಸಿ ಬಂದ ರಾತ್ರಿ ಕಾಂಪೌಂಡಿನ ಹತ್ತಿರ ನಡೆದದ್ದನ್ನು ನಾವು ಬರೆಯಲಿಲ್ಲ. ಅಪ್ಪನ ಕೈಯಲ್ಲಿ ಫೋನ್ ಇದ್ದಿದ್ದರೆ ಅವರೂ ನನ್ನ ಹಾಗೇ ಆಗುತ್ತಿದ್ದರೋ ಏನೋ. ಆದರೆ ನಾನು ಒಂದು ಮನೆ ನಡೆಸುವುದನ್ನು ಕಲಿತದ್ದು ಅವರಿಗೆ ಕಾಣದ ಆ ದಿನಗಳಲ್ಲಿ. ಆ ದಿನಗಳು ಮಗಳಿಗೂ ಬೇಕು.

ಓನರಿಗೆ ಹೇಳಿದೆ: ಸ್ವಾಮಿ, ಬಾಡಿಗೆ ತಡವಾದರೆ, ನೀರು ಸೋರಿದರೆ, ಏನೇ ಇದ್ದರೂ ಹುಡುಗಿಯರಿಗೇ ಫೋನ್ ಮಾಡಿ. ಅವರು ಬರುವ ಹೋಗುವ ವಿಷಯ ನನಗೆ ತಿಳಿಸಬೇಡಿ. "ಒಳ್ಳೇದಕ್ಕೆ ಹೇಳಿದ್ದು ಸಾರ್" ಅಂತ ಬೇಜಾರು ಮಾಡಿಕೊಂಡರು. ಒಳ್ಳೆಯದಕ್ಕೇ ಹೇಳಿದ್ದು, ಅದು ಸುಳ್ಳಲ್ಲ. ಮಗಳಿಗೂ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು "ಎಷ್ಟು ದಿನದಿಂದ?" ಅಂದಳು. ಹೇಳಿದೆ. ಆಮೇಲೆ ಅವಳು ಕೇಳಿದ್ದು ಒಂದೇ: ಮುಂದಿನ ಕರಾರು ನಮ್ಮಿಬ್ಬರ ಹೆಸರಿಗೆ ಇರಲಿ. ಓನರ್ ಹತ್ತಿರ ಅವರೇ ಹೋಗಿ ಮಾತಾಡಿದರು. ಬಾಡಿಗೆಯನ್ನು ಶೇ. 5 ಏರಿಸಿ ಒಪ್ಪಿಕೊಂಡಿದ್ದಾರೆ. ನನ್ನ ಸಹಿ ಇನ್ನು ಸಾಕ್ಷಿಯ ಜಾಗದಲ್ಲಿ. ಗೃಹಜ್ಯೋತಿಯನ್ನೂ ತಾನೇ ಮಾಡಿಸಿಕೊಂಡಿದ್ದಾಳೆ. ಬಾಡಿಗೆದಾರರಿಗೂ 200 ಯೂನಿಟ್ ತನಕ ಸಿಗುತ್ತದೆ, ಮನೆಯಲ್ಲಿ ಹಿಂದೆ ಇದ್ದವರ ಆಧಾರ್ ತೆಗೆಸಿ ತಮ್ಮದು ಜೋಡಿಸಬೇಕು. ನಿನ್ನ ಮಗನಿಗೆ ಅದರ ದಾರಿ ಬೇಕಿದ್ದರೆ ನನ್ನನ್ನು ಕೇಳಬೇಡ, ಮಗಳ ನಂಬರ್ ಕೊಡುತ್ತೇನೆ.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಬಾಡಿಗೆ, ಅಡ್ವಾನ್ಸು, ನೀರು, ಅಲ್ಲಿಗೆ ಮುಗಿಸುವವನಿದ್ದೆ. ಹಾಕುವ ಮೊದಲು ಮಗಳಿಗೆ ಕಳಿಸಿ ಓದಿಸಿದೆ. ಬಾಡಿಗೆಯ ಲೆಕ್ಕ ಒಂದು ಕಡೆ ತಿದ್ದಿದಳು, ಎರಡು ಸಾಲು ತೆಗೆಸಿದಳು. ಆ ಎರಡು ಸಾಲು ಏನು ಅಂತ ನೀನು ಕೇಳಬಾರದು.

ಇಲ್ಲಿ ಚಳಿ ಜೋರಾಗಿದೆ. ಸಂಕ್ರಾಂತಿಗೆ ಎಳ್ಳು ಬೀರಲು ಹೆಂಡತಿ ಕೊಬ್ಬರಿ ಹೆಚ್ಚುತ್ತಾ ಕೂತಿದ್ದಾಳೆ. ಪೇಟೆಯಲ್ಲಿ ಇಷ್ಟು ರೇಟು ಇರುವಾಗ ಇಷ್ಟೊಂದು ಹೆಚ್ಚಬೇಕಾ ಅಂದದ್ದಕ್ಕೆ, ಕ್ಯಾಪ್ಟನ್ ಮನೆಗೂ ಹೋಗಬೇಕು ಅಂದಳು. ಮಗನನ್ನು ಬಿಡಲು ಬೆಂಗಳೂರಿಗೆ ಹೋಗುವಾಗ ತಿಪಟೂರಿನಲ್ಲಿ ಇಳಿ, ಒಂದು ರಾತ್ರಿ ಇದ್ದು ಹೋಗಬಹುದು. ಅವನಿಗೆ ಒಂದು ಡಬ್ಬ ಬೇರೆಯೇ ಕಟ್ಟಿಸಿಟ್ಟಿದ್ದೇನೆ, ದಾರಿಯಲ್ಲಿ ಅದನ್ನು ನೀನು ಬಿಚ್ಚಬೇಡ.

ಇಂತಿ ನಿನ್ನ
ಸುರಪುರದ ರೂಮ್‌ಮೇಟ್